ಹದಿನಾಲ್ಕನೇ ಪುಟ

"ಇದು ಯಾರಪ್ಪನ ಮನೆ ಚಿಂದಿ?"

ಗಣಕ ಕೇಂದ್ರದ ನಿರ್ದೇಶಕರು ಆ ಹಸಿರು ಬಟ್ಟೆ ತುಂಡನ್ನು ಕೈಯಿಂದ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಎತ್ತಿ ಹಿಡಿದರು. ಸರ್ವರ್ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಕಬ್ಬಿಣದ ಚೌಕಟ್ಟು, ಅದರಿಂದ ಇಳಿಬಿದ್ದ ನೂರಾರು ಕೇಬಲ್ಲುಗಳು. ಅವುಗಳಲ್ಲೊಂದಕ್ಕೆ ಆ ಹಸಿರು ತುಂಡು ಗಂಟು ಬಿದ್ದಿತ್ತು. ಪಕ್ಕದ್ದಕ್ಕೆ ಹಳದಿ, ಅದರಾಚೆಯದಕ್ಕೆ ಕೆಂಪು.

"ನಿನ್ನನ್ನೇ ಕೇಳ್ತಿರೋದು. ಕಿವಿ ಮಂದಾನಾ?"

ನಾನು ಅಕ್ಕ ಅಂತ ಕರೆಯುವ ಶುಚಿತ್ವದ ಕೆಲಸದವಳು ನೆಲ ಒರೆಸುವ ಕೋಲು ಹಿಡಿದೇ ನಿಂತಿದ್ದಳು. ಕೆಲಸದ ನಡುವೆ ಕರೆಸಿದ್ದರಿಂದ ಪಕ್ಕದ ಬಕೆಟ್ಟಿನಲ್ಲಿ ನೊರೆ ಇನ್ನೂ ಇಳಿದಿರಲಿಲ್ಲ.

"ನಂದೇ ಸರ್ ಬಟ್ಟೆ," ಅಂದಳು.

"ನಿನ್ನ ಬಟ್ಟೆ ಇಲ್ಲಿಗೆ ತಾನೇ ನಡ್ಕೊಂಡು ಬಂತಾ?"

ಅವಳು ನನ್ನ ಕಡೆ ನೋಡಿದಳು. ಒಂದೇ ಸಲ. ನಾನು ನೆಲ ನೋಡಿದೆ. ನೆಲ ಬಹಳ ಚೊಕ್ಕಟವಾಗಿತ್ತು. ಬೆಳಿಗ್ಗೆ ಅವಳೇ ಒರೆಸಿದ್ದು.

"ಹೇಳೇ ಮುಂಡೇದೇ!" ಗುತ್ತಿಗೆದಾರನ ಸೂಪರ್‌ವೈಸರ್ ನಿರ್ದೇಶಕರಿಗೆ ಕೇಳಿಸಲೆಂದೇ ಕೂಗಿದ. ಅವನಿಗೆ ಅವಳ ಮಗನ ವಯಸ್ಸು. "ಗುಡಿಸೋ ಮಿಷನ್ನಿಗೆ ಪ್ಲಗ್ ಸಿಗಲಿಲ್ಲ ಅಂತ ಸರ್ವರ್ ಪ್ಲಗ್ ಕಿತ್ತೆ ತಾನೇ? ನಾಲ್ಕು ಗಂಟೆ ವೆಬ್‌ಸೈಟ್ ಮಲಗಿಬಿಡ್ತಲ್ಲೇ! ಅರ್ಜಿ ಹಾಕೋಕೆ ಕೊನೇ ದಿನ ಅದು. ಎಷ್ಟು ಮಕ್ಕಳ ಶಾಪ ತಟ್ಟುತ್ತೆ ಗೊತ್ತಾ ನಿಂಗೆ?"

"ಪ್ಲಗ್ ಮುಟ್ಟಿಲ್ಲ ಸರ್. ಯಾವ ದೇವರ ಮೇಲೆ ಬೇಕಾದ್ರೂ ಆಣೆ ಮಾಡ್ತೀನಿ."

"ಪ್ಲಗ್ ಮುಟ್ಟದೇ ಇದ್ದೋಳು ಚಿಂದಿ ಹೆಂಗೆ ಕಟ್ಟಿದೆ?"

ಇದಕ್ಕೆ ಅವಳ ಹತ್ತಿರ ಉತ್ತರವಿತ್ತು. ಆ ಉತ್ತರ ನಾನು. ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಸೂಪರ್‌ವೈಸರ್ ಅವಳ ಕೊರಳಿನಿಂದ ಗುರುತಿನ ಕಾರ್ಡು ಎಳೆದುಕೊಂಡು ನಿರ್ದೇಶಕರ ಕೈಗೆ ಕೊಟ್ಟ. ಎಳೆದ ರಭಸಕ್ಕೆ ಅವಳ ಕೂದಲಿನ ಎರಡು ಎಳೆ ಕಾರ್ಡಿನ ದಾರಕ್ಕೆ ಸಿಕ್ಕಿಕೊಂಡು ಬಂದವು.

ಆ ಚಿಂದಿಯ ಒಂದೊಂದು ಗಂಟನ್ನೂ ಹಾಕಿದವನು ನಾನು. ಎಂಟು ವರ್ಷದಿಂದ ಈ ವಿಶ್ವವಿದ್ಯಾಲಯದಲ್ಲಿ ಕೇಬಲ್ ಎಳೆಯುವುದು ನನ್ನ ಕೆಲಸ. ಗೋಡೆ ಕೊರೆಯಬೇಕು, ಅಟ್ಟದ ಮೇಲೆ ತೆವಳಬೇಕು, ಇಲಿ ಕಡಿದಲ್ಲಿ ಬೆಸೆಯಬೇಕು. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಅಂತ ತೋರಿಸುವ ನಕ್ಷೆ ಈ ವಿಶ್ವವಿದ್ಯಾಲಯದಲ್ಲಿ ಯಾರ ಹತ್ತಿರವೂ ಇಲ್ಲ. ಅಂಟುಚೀಟಿ ಬರೆದು ಹಚ್ಚಿದರೆ ಯಂತ್ರದ ಬಿಸಿಗೆ ವಾರದೊಳಗೆ ಕಳಚಿ ಬೀಳುತ್ತದೆ. ನಾನು ತಲೆ ಕೆರೆದುಕೊಳ್ಳುವುದನ್ನು ನೋಡಿ ಅಕ್ಕನೇ ಒಂದು ದಿನ ಚೀಲದ ತುಂಬ ಬಟ್ಟೆ ತುಂಡು ತಂದುಕೊಟ್ಟಳು. ಅವಳ ಗಂಡ ಮನೆಯಲ್ಲೇ ಬಟ್ಟೆ ಹೊಲಿಯುವವನು. ಕತ್ತರಿಸಿ ಉಳಿದ ಚೂರುಗಳು ಅವು. ಕೆಂಪು ಪರೀಕ್ಷಾ ವಿಭಾಗಕ್ಕೆ, ಹಳದಿ ಗ್ರಂಥಾಲಯಕ್ಕೆ, ನೀಲಿ ಹಾಸ್ಟೆಲ್ಲಿಗೆ. ನಾನು ಏಣಿಯ ಮೇಲೆ, ಅವಳು ಕೆಳಗೆ ಟಾರ್ಚ್ ಹಿಡಿದು, "ಕೆಂಪು ಕೊಡ್ಲಾ, ಹಳದಿ ಕೊಡ್ಲಾ ಮದುಮಗನೇ?" ಅಂತ ತಮಾಷೆ ಮಾಡುವಳು. ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳೂ ಅವಳೇ. ಹಳೆಯ ಗುತ್ತಿಗೆದಾರನ ಮುಂದೆ ನಿಂತು "ನನ್ನ ತಮ್ಮ ಇದ್ದಂಗೆ" ಅಂದಿದ್ದಳು.

ಹಸಿರು ಯಾವುದಕ್ಕೆ ಅನ್ನುವುದೇ ಮುಖ್ಯ. ಹಸಿರು ಚಿಂದಿ ಇದ್ದದ್ದು ಒಂದೇ ಲೈನಿಗೆ. ಕರೆಂಟು ಹೋದಾಗ ಸರ್ವರುಗಳನ್ನು ಬದುಕಿಸುವುದು ಬ್ಯಾಟರಿ ಪೆಟ್ಟಿಗೆ. ಅದರಿಂದ ಪಕ್ಕದ ಕೋಣೆಗೆ, ನಿರ್ದೇಶಕರ ಏಸಿಗೆ ಹೋಗುವ ಲೈನು ಅದು.

ಬೇಸಿಗೆ ಶುರುವಾದಾಗ ಅವರೇ ಎಳೆಸಿದ್ದರು. ಕರೆಂಟು ಹೋದರೆ ಅವರಿಗೆ ಸೆಕೆ ತಡೆಯುವುದಿಲ್ಲ. "ಬ್ಯಾಟರಿ ತಡೆಯಲ್ಲ ಸರ್, ಸರ್ವರ್ ಕೂತುಬಿಡುತ್ತೆ," ಅಂದಿದ್ದೆ.

"ನೀನು ಇಂಜಿನಿಯರಾ?"

"ಅಲ್ಲ ಸರ್."

"ಹಂಗಾದ್ರೆ ಮುಚ್ಕೊಂಡು ಎಳಿ."

ಮುಚ್ಚಿಕೊಂಡು ಎಳೆದೆ. ಕರೆಂಟು ಇರುವಷ್ಟು ಹೊತ್ತು ಹೇಗೋ ನಡೆಯಿತು. ಅರ್ಜಿಯ ಕೊನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು, ಪಕ್ಕದ ಕೋಣೆಯಲ್ಲಿ ಏಸಿ ಗೊರಗುಟ್ಟುತ್ತಲೇ ಇತ್ತು, ಬ್ಯಾಟರಿ ಪೆಟ್ಟಿಗೆ ಒಂದು ಸಲ ಕಿರುಚಿ ಸುಮ್ಮನಾಯಿತು. ಅಕ್ಕ ಆಗ ಮೂರನೇ ಮಹಡಿಯ ಶೌಚಾಲಯ ತೊಳೆಯುತ್ತಿದ್ದಳು.

ಅಕ್ಕನ ಕಾರ್ಡು ಕಿತ್ತ ದಿನದಿಂದ ಒಂಬತ್ತು ದಿನಕ್ಕೆ ದೊಡ್ಡ ಸಭೆಯಿತ್ತು. ವಿಶ್ವವಿದ್ಯಾಲಯದ ವೆಬ್ ಸೇವೆ, ಯಂತ್ರ, ಕೇಬಲ್ಲು ಎಲ್ಲವನ್ನೂ ಹೊಸದು ಮಾಡುವ ಯೋಜನೆಯನ್ನು ಕುಲಪತಿಗಳ ಮುಂದಿಟ್ಟು ಒಪ್ಪಿಗೆ ಪಡೆಯಬೇಕು. ನಿರ್ದೇಶಕರು ಒಂದು ವರ್ಷದಿಂದ ಅದರ ಧ್ಯಾನದಲ್ಲೇ ಇದ್ದರು. ವೆಬ್‌ಸೈಟ್ ಬಿದ್ದದ್ದಕ್ಕೆ ಆ ಯೋಜನೆಯಲ್ಲಿ ಒಂದು ಕಾರಣ ಬರೆಯಬೇಕಾಗಿತ್ತು. ಏಸಿ ಅಂತ ಬರೆಯಲು ಸಾಧ್ಯವೇ?

ಅಕ್ಕನಿಗೂ ಒಂದು ಪಟ್ಟಿಯ ಚಿಂತೆಯಿತ್ತು. ಇಪ್ಪತ್ತು ವರ್ಷ ತುಂಬಿದ ಗುತ್ತಿಗೆಯವರನ್ನು ಖಾಯಂ ಮಾಡುವ ಪಟ್ಟಿ. ಅವಳಿಗೆ ಆಗಲೇ ಹತ್ತೊಂಬತ್ತು ವರ್ಷ ಎಂಟು ತಿಂಗಳು. ನಾಲ್ಕು ತಿಂಗಳು ದಾಟಿದ್ದರೆ ಮುಗಿದಿತ್ತು. ತಪ್ಪು ಮಾಡಿ ಹೊರಗೆ ಹೋದವರ ಹೆಸರು ಆ ಪಟ್ಟಿಗೆ ಬರುವುದಿಲ್ಲ.

ಮೂರನೆಯ ದಿನ ಸಂಜೆ ಅವಳ ಮನೆಗೆ ಹೋದೆ. ಹೋಗದೆ ಇರಲು ಆಗಲಿಲ್ಲ, ಅಷ್ಟೇ. ಅವಳ ಗಂಡ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ನನ್ನನ್ನು ನೋಡಿ ಪೆಡಲಿನಿಂದ ಕಾಲು ತೆಗೆದ. ಮುಖ ಅರಳಿತು.

"ಬಾರಪ್ಪ. ಬಟ್ಟೆ ಚೂರು ಬೇಕಾಗಿತ್ತೇನು? ಒಂದು ಚೀಲ ತೆಗೆದಿಟ್ಟಿದ್ದೀನಿ ನೋಡು. ಈ ಸಲ ನೇರಳೆ ಬಣ್ಣಾನೂ ಇದೆ."

ಅವನಿಗೆ ಅವಳು ಪೂರ್ತಿ ಹೇಳಿರಲಿಲ್ಲ. ಕೆಲಸ ಹೋಯಿತು ಅಂದಿದ್ದಳೇ ಹೊರತು ಯಾತಕ್ಕೆ ಅಂತ ಹೇಳಿರಲಿಲ್ಲ. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

"ಬೇಡ ಅವನಿಗೆ," ಅಕ್ಕ ಒಳಗಿನಿಂದ ಬಂದಳು. "ಅವನ ಕೆಲಸ ಮುಗೀತು." ನನ್ನನ್ನು ಓಣಿಗೆ ಕರೆದುಕೊಂಡು ಬಂದು ಬಾಗಿಲು ಮುಂದೆಳೆದಳು.

"ಯಾಕೆ ಬಂದೆ?"

"ಅಕ್ಕ..."

"ಅಕ್ಕ ಅನ್ನಬೇಡ ಬೋಳಿಮಗನೇ. ನಿನ್ನ ಹೆಸರು ಬಾಯಿ ತುದೀಲಿತ್ತು ನಂಗೆ. ಹೇಳಲಿಲ್ಲ. ಯಾಕೆ ಗೊತ್ತಾ? ನೀನೇ ಹೇಳ್ತೀಯ ಅಂತ ಕಾದೆ. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ. ನೀನು ನೆಲ ನೋಡ್ತಾ ನಿಂತೆ. ಏನಿತ್ತೋ ಅಲ್ಲಿ?"

"ನಂಗೂ ಮನೆ ಮಠ ಅಂತ ಇದೆಯಲ್ಲಕ್ಕ..."

"ನಾನೇನು ಬೀದೀಲಿ ಬಿದ್ದಿದ್ನಾ? ಇದು ಮನೆಯಲ್ವಾ? ಒಳಗೆ ಕೂತಿರೋನು ಗಂಡ ಅಲ್ವಾ?" ಓಣಿಯ ತುದಿಗೆ ಕೈ ತೋರಿಸಿದಳು. "ಹೋಗು. ಕೈ ಎತ್ತಿಬಿಡ್ತೀನಿ ಆಮೇಲೆ."

ಎತ್ತಿದ್ದರೆ ಚೆನ್ನಾಗಿತ್ತು. ಎತ್ತಲಿಲ್ಲ. ಒಳಗೆ ಹೊಲಿಗೆ ಯಂತ್ರ ಮತ್ತೆ ಶುರುವಾದದ್ದು ಓಣಿಯ ಕೊನೆಯವರೆಗೂ ಕೇಳಿಸುತ್ತಿತ್ತು.

ಮಾರನೆಯ ದಿನ ನಿರ್ದೇಶಕರು ಕರೆದರು. ಅವರ ಪಕ್ಕದಲ್ಲಿ ಯೋಜನೆ ಬರೆಯಲು ಹೊರಗಿನಿಂದ ಬಂದಿದ್ದ ಸಲಹೆಗಾರ ಲ್ಯಾಪ್‌ಟಾಪ್ ತೆರೆದು ಕೂತಿದ್ದ.

"ಆ ಏಸಿ ಲೈನ್ ಇದೆಯಲ್ಲ, ಕಿತ್ತು ಮಾಮೂಲಿ ಲೈನಿಗೆ ಹಾಕು. ಗಾಳಿಗೂ ಗೊತ್ತಾಗಬಾರದು. ಆಮೇಲೆ ಆ ಚಿಂದಿ ಎಲ್ಲ ಬಿಚ್ಚಿ ಕಸಕ್ಕೆ ಹಾಕು. ಅದಕ್ಕೂ ಮುಂಚೆ ಯಾವ ಬಣ್ಣ ಯಾವುದಕ್ಕೆ ಅಂತ ಇವರಿಗೆ ಹೇಳು, ಬರ್ಕೋತಾರೆ."

"ಆಯ್ತು ಸರ್."

ಎರಡು ಗಂಟೆ ಹೇಳಿದೆ. ಸಲಹೆಗಾರ ಟೈಪು ಮಾಡಿಕೊಳ್ಳುತ್ತಾ "ಭಾರೀ ತಲೆ ಓಡಿಸಿದ್ದೀಯಲ್ಲಯ್ಯಾ!" ಅಂತ ಬೆನ್ನು ತಟ್ಟಿದ. ನನಗೆ ಖುಷಿಯಾಯಿತು. ಹೌದು, ಆಯಿತು. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಅವತ್ತು ಅಂಗಿಯ ಮೇಲೆ ಅವನ ಕೈ ಬಿದ್ದ ಜಾಗ ಸಂಜೆಯವರೆಗೂ ಬೆಚ್ಚಗಿತ್ತು.

ಚಿಂದಿ ಬಿಚ್ಚಿದೆ. ಗಂಟುಗಳು ಬಿಗಿಯಾಗಿದ್ದವು, ಹಲ್ಲಿನಲ್ಲಿ ಕಚ್ಚಿ ಬಿಚ್ಚಬೇಕಾಯಿತು. ಹಸಿರಿನ ಹತ್ತಿರ ಬಂದಾಗ ಕೈ ನಿಂತಿತು. ಆ ಲೈನು ಕಿತ್ತರೆ ಅಕ್ಕ ತಪ್ಪು ಮಾಡಿದ್ದೇ ನಿಜವಾಗಿಬಿಡುತ್ತದೆ ಅನಿಸಿತು. ನಾಳೆ ಕಿತ್ತರಾಯಿತು ಅಂತ ಏಣಿ ಇಳಿದೆ. ಅದು ಧೈರ್ಯವಲ್ಲ, ಹೇಡಿಯ ಮುಂದೂಡಿಕೆ. "ಲೈನ್ ಬದಲಾಯಿಸಿದ್ಯಾ?" ಅಂತ ಅವರು ಕೇಳಿದಾಗೆಲ್ಲ "ಆಯ್ತು ಸರ್" ಅಂದೆ. ಪುಣ್ಯಕ್ಕೋ ಪಾಪಕ್ಕೋ ಆ ಅಷ್ಟೂ ದಿನ ಕರೆಂಟು ಹೋಗಲಿಲ್ಲ.

ಸಭೆಯ ದಿನ ಅಚ್ಚಾದ ಯೋಜನೆಯ ನಲವತ್ತು ಪ್ರತಿಗಳನ್ನು ಮೊದಲ ಮಹಡಿಯ ಸಭಾಂಗಣಕ್ಕೆ ಹೊತ್ತು ಹಾಕಿದವನೂ ನಾನೇ. ಮೆಟ್ಟಿಲ ಮೇಲೆ ಉಸಿರು ತೆಗೆದುಕೊಳ್ಳಲು ಕೂತು ಮೇಲಿನ ಪ್ರತಿಯನ್ನು ತೆರೆದೆ. ಒಂಬತ್ತನೇ ಪುಟದಲ್ಲಿ "ಬಣ್ಣ ಆಧಾರಿತ ಕೇಬಲ್ ಗುರುತು ಪದ್ಧತಿ: ಸಲಹೆಗಾರರ ನೂತನ ಪ್ರಸ್ತಾವ" ಅಂತಿತ್ತು. ಕೆಂಪು ಪರೀಕ್ಷೆಗೆ, ಹಳದಿ ಗ್ರಂಥಾಲಯಕ್ಕೆ. ಒಂದು ಬಣ್ಣವೂ ಬದಲಾಗಿರಲಿಲ್ಲ. ಹದಿನಾಲ್ಕನೇ ಪುಟದಲ್ಲಿ ವೆಬ್‌ಸೈಟ್ ಬಿದ್ದ ಕಾರಣವಿತ್ತು. "ಮಾನವ ಲೋಪ. ಅನಕ್ಷರಸ್ಥ ಶುಚಿತ್ವ ಸಿಬ್ಬಂದಿಯು ಕೇಬಲ್ಲುಗಳಿಗೆ ಚಿಂದಿ ಬಟ್ಟೆ ಕಟ್ಟಿ ವಿದ್ಯುತ್ ಸಂಪರ್ಕ ಕಡಿದಿರುತ್ತಾರೆ. ಸದರಿಯವರನ್ನು ತೆಗೆದುಹಾಕಲಾಗಿದೆ."

ಅಕ್ಕನಿಗೆ ಓದಲು ಬರುತ್ತದೆ. ನನ್ನ ರಜೆ ಅರ್ಜಿಗಳನ್ನು ಬರೆದುಕೊಡುತ್ತಿದ್ದವಳು ಅವಳು.

ಪ್ರತಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟೆ. ನಲವತ್ತು ಸಲ ಅವಳ ಮಾನ ಹಂಚಿದ ಹಾಗಾಯಿತು.

ಸಭೆ ಶುರುವಾಯಿತು. ಪರದೆಯ ಮೇಲೆ ಹೊಸ ವೆಬ್‌ಸೈಟ್ ಹೊಳೆಯಿತು. ಪ್ರವೇಶ, ಫಲಿತಾಂಶ, ದೂರು ಸಲ್ಲಿಕೆ, ಎಲ್ಲವೂ ಒಂದೇ ಕಡೆ. ಕುಲಪತಿಗಳು ತಲೆದೂಗಿದರು. ಸಲಹೆಗಾರ ಕೊನೆಗೆ ಒಂದು ಆಟ ಇಟ್ಟುಕೊಂಡಿದ್ದ.

"ಈಗ ಗಣಕ ಕೇಂದ್ರದ ಕರೆಂಟು ತೆಗೀತೀವಿ ಸರ್. ವೆಬ್‌ಸೈಟ್ ಒಂಚೂರೂ ಅಲುಗಾಡಲ್ಲ, ನೋಡ್ತಾ ಇರಿ."

ನಿರ್ದೇಶಕರು ಬಾಗಿಲ ಬಳಿ ನಿಂತಿದ್ದ ನನ್ನ ಹತ್ತಿರ ಬಂದು ಪಿಸುಗುಟ್ಟಿದರು. "ಕೆಳಗೆ ಹೋಗಿ ಮೇನ್ ಇಳಿಸು. ನಾನು ಫೋನ್ ಮಾಡಿದ ಮೇಲೆ ಏರಿಸು. ತಲೆ ಉಪಯೋಗಿಸಬೇಡ, ಹೇಳಿದಷ್ಟು ಮಾಡು."

ಕೆಳಗೆ ಹೋದೆ. ಕೆಳಗಿನ ಮಹಡಿಯ ಮೇನ್ ಸ್ವಿಚ್ ಇಳಿಸಿದೆ. ಸರ್ವರ್ ಕೋಣೆಯಲ್ಲಿ ಬ್ಯಾಟರಿ ಪೆಟ್ಟಿಗೆ ಭಾರ ಹೊತ್ತುಕೊಂಡಿತು, ಯಂತ್ರಗಳು ಗುಂಯ್ ಅನ್ನುತ್ತಲೇ ಇದ್ದವು. ಮೇಲೆ ಚಪ್ಪಾಳೆ ಕೇಳಿಸಿತು. ಹೇಳಿದಷ್ಟು ಮಾಡಿದ್ದಾಗಿತ್ತು. ಆಮೇಲೆ ನಿರ್ದೇಶಕರ ಕೋಣೆಗೆ ಹೋದೆ.

ಏಸಿಯ ರಿಮೋಟ್ ಮೇಜಿನ ಡ್ರಾಯರಿನಲ್ಲಿರುತ್ತದೆ ಅಂತ ನನಗೆ ಗೊತ್ತಿತ್ತು. ಡ್ರಾಯರ್ ಎಳೆದೆ. ರಿಮೋಟಿನ ಕೆಳಗೆ ಅಕ್ಕನ ಕಾರ್ಡು ಬಿದ್ದಿತ್ತು. ದಾರಕ್ಕೆ ಆ ಎರಡು ಕೂದಲು ಹಾಗೇ ಸುತ್ತಿಕೊಂಡಿದ್ದವು, ಒಂದು ಕಪ್ಪು, ಒಂದು ಬಿಳಿ. ಕಾರ್ಡನ್ನು ತೆಗೆದು ಕೊರಳಿಗೆ ಹಾಕಿಕೊಂಡೆ. ಅವಳ ಫೋಟೋ ನನ್ನ ಎದೆಯ ಮೇಲೆ ಬಂತು. ರಿಮೋಟಿನ ಗುಂಡಿ ಒತ್ತಿದೆ. ಹದಿನಾರಕ್ಕೆ ಇಳಿಸಿದೆ. ತಣ್ಣನೆ ಗಾಳಿ ಮುಖಕ್ಕೆ ಬಂತು. ಗೋಡೆಯಾಚೆ ಬ್ಯಾಟರಿ ಪೆಟ್ಟಿಗೆ ಒಂದು ಸಲ ಕಿರುಚಿತು, ಆಮೇಲೆ ಇಡೀ ಕೋಣೆ ಸತ್ತವರ ಮನೆಯ ಹಾಗಾಯಿತು. ಮೇಲೆ ಚಪ್ಪಾಳೆಯೂ ನಿಂತಿತು.

ಮೇನ್ ಮತ್ತೆ ಏರಿಸಿ ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತೆ. ಮೆಟ್ಟಿಲ ಮೇಲೆ ದಡದಡ ಬೂಟಿನ ಸದ್ದು. ಮೊದಲು ನಿರ್ದೇಶಕರು, ಹಿಂದೆ ಸಲಹೆಗಾರ, ಸೂಪರ್‌ವೈಸರ್, ಅವರ ಹಿಂದೆ ಕುಲಪತಿಗಳೂ ಬಂದರು.

"ಯಾವ ಬೇವರ್ಸಿ ಮುಟ್ಟಿದ್ದೋ?" ನಿರ್ದೇಶಕರು ಕಿರುಚಿದರು.

"ಹದಿನಾಲ್ಕನೇ ಪುಟ ನೋಡಿ ಸರ್," ಅಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. "ಶುಚಿತ್ವ ಸಿಬ್ಬಂದೀನೇ ಮುಟ್ಟಿರಬೇಕು. ಒಂಬತ್ತು ದಿನದಿಂದ ಕೆಲಸಕ್ಕೇ ಬಂದಿಲ್ಲ ಪಾಪ, ಮನೇಲಿ ಕೂತೇ ಮುಟ್ಟಿರಬೇಕು."

ಸೂಪರ್‌ವೈಸರ್ ನನ್ನ ಕಾಲರ್ ಹಿಡಿದ. "ಸೂಳೆಮಗನೇ, ಯಾರ ಮುಂದೆ ಮಾತಾಡ್ತಿದ್ದೀಯ?"

"ಕುಲಪತಿಗಳ ಮುಂದೆ. ಅದಕ್ಕೇ ಹೇಳ್ತಿದ್ದೀನಿ." ಕೈ ಎತ್ತಿ ಹಸಿರು ಚಿಂದಿ ತೋರಿಸಿದೆ. "ಇದು ಬ್ಯಾಟರಿಯಿಂದ ಸಾಹೇಬ್ರ ಏಸಿಗೆ ಹೋಗೋ ಲೈನು. ಎಳೆಸಿದ್ದು ಅವರು, ಎಳೆದಿದ್ದು ನಾನು. ಅವತ್ತು ವೆಬ್‌ಸೈಟ್ ಮಲಗಿದ್ದು ಇದರಿಂದಾನೇ, ಇವತ್ತೂ ಇದರಿಂದಾನೇ. ಚಿಂದಿ ಕಟ್ಟಿದ್ದೂ ನಾನೇ, ಪ್ರತಿಯೊಂದೂ. ಅಕ್ಕ ಬಟ್ಟೆ ಕೊಟ್ಟಿದ್ದಳು ಅಷ್ಟೇ. ಅವಳನ್ನ ಇಲ್ಲಿ ನಿಲ್ಲಿಸಿ ಬೈಯ್ತಿದ್ದಾಗ ನಾನು ಇಲ್ಲೇ, ಈ ಜಾಗದಲ್ಲೇ ನಿಂತಿದ್ದೆ."

ಪಕ್ಕದ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ತಣ್ಣನೆ ಗಾಳಿ ಎಲ್ಲರ ಕಾಲಿಗೂ ಹರಿದು ಬರುತ್ತಿತ್ತು. ನಿರ್ದೇಶಕರ ಹಣೆಯಲ್ಲಿ ಮಾತ್ರ ಬೆವರು.

ಕುಲಪತಿಗಳು ಹಸಿರು ಚಿಂದಿಯನ್ನು ನೋಡಿದರು, ಏಸಿಯನ್ನು ನೋಡಿದರು, ನನ್ನ ಎದೆಯ ಮೇಲಿನ ಫೋಟೋವನ್ನೂ ನೋಡಿದರು. ಆಮೇಲೆ ಸಲಹೆಗಾರನ ಕಡೆ ತಿರುಗಿ, "ಆ ಹದಿನಾಲ್ಕನೇ ಪುಟ ಒಂದನ್ನ ತೆಗೆದು ಬೇರೆ ಅಚ್ಚು ಹಾಕಿಸಿ. ತಾಂತ್ರಿಕ ಕಾರಣ ಅಂತಿರಲಿ. ಒಂಬತ್ತನೇ ಪುಟ ಚೆನ್ನಾಗಿದೆ," ಅಂದು ಮೆಟ್ಟಿಲು ಹತ್ತಿದರು. ಅಕ್ಕನ ವಿಷಯ ಯಾರೂ ಎತ್ತಲಿಲ್ಲ.

ಸೂಪರ್‌ವೈಸರ್ ನನ್ನ ಕಾರ್ಡು ಕಿತ್ತುಕೊಂಡ. ಅವಳದಕ್ಕೂ ಕೈ ಹಾಕಿದ. ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಬೆರಳು ಮುರಿಯಲು ನೋಡಿದ. ಬಿಡಲಿಲ್ಲ. ಅದನ್ನು ಹಿಡಿದುಕೊಂಡೇ ಗೇಟು ದಾಟಿದೆ.

ಓಣಿಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಬಾಗಿಲು ತಟ್ಟಿದೆ, ಸದ್ದು ನಿಂತಿತು. ಅಕ್ಕ ಬಾಗಿಲನ್ನು ಮುಖದಷ್ಟೇ ತೆರೆದಳು. ನಾನು ನಡೆದದ್ದನ್ನೆಲ್ಲ ಹೇಳಿದೆ. ಇವತ್ತು ನೆಲ ನೋಡಲಿಲ್ಲ, ಅವಳ ಮುಖ ನೋಡಿಕೊಂಡೇ ಹೇಳಿದೆ. ಕೊನೆಗೆ ಕಾರ್ಡು ಚಾಚಿದೆ.

ಅವಳು ತೆಗೆದುಕೊಂಡಳು. ತನ್ನ ಫೋಟೋದ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. ದಾರಕ್ಕೆ ಸುತ್ತಿಕೊಂಡಿದ್ದ ಕೂದಲು ಬಿಡಿಸಿ ಬಿಸಾಕಿದಳು.

"ಒಂಬತ್ತು ದಿನ ಬೇಕಾಯ್ತಾ ನಿಂಗೆ?" ಅಂದಳು.

ಬಾಗಿಲು ಮುಚ್ಚಿತು. ನಾನು ಹೊಸಿಲ ಹೊರಗೆ ಕೂತೆ. ಎಷ್ಟು ಹೊತ್ತು ಕೂತರೂ ಒಳಗೆ ಯಂತ್ರ ಮತ್ತೆ ಶುರುವಾಗಲಿಲ್ಲ.