ಗುರುಶಾಂತಪ್ಪನವರ ಕೈಗನ್ನಡಿ

ನಾನೊಂದು ಕೈಗನ್ನಡಿ. ಹುಬ್ಬಳ್ಳಿಯ ಗಾಜಿನಂಗಡಿಯೊಂದರಲ್ಲಿ, ಯಾರದೋ ಬೀರುವಿಗೆಂದು ಕತ್ತರಿಸಿದ ದೊಡ್ಡ ಕನ್ನಡಿಯ ಉಳಿಕೆ ತುಂಡಾಗಿ ಹುಟ್ಟಿದೆ. ದುಂಡಗೆ ಕೊಯ್ದು, ತೇಗದ ಹಿಡಿ ಕೂಡಿಸಿ ಮಾರಾಟಕ್ಕಿಟ್ಟರು. ಉಳಿಕೆ ತುಂಡಾದರೂ ನನ್ನ ಜಂಬಕ್ಕೇನೂ ಕಡಿಮೆಯಿರಲಿಲ್ಲ.

ನನ್ನನ್ನು ಕೊಂಡವರು ಗದಗಿನ ಬಸ್ ನಿಲ್ದಾಣದ ಬಳಿ ಕ್ಷೌರದಂಗಡಿ ಇಟ್ಟಿದ್ದ ಗುರುಶಾಂತಪ್ಪ. ಕಟಿಂಗ್ ಮುಗಿದೊಡನೆ ನನ್ನನ್ನು ಗಿರಾಕಿಯ ತಲೆಯ ಹಿಂದೆ ಹಿಡಿಯುತ್ತಿದ್ದರು. ಎದುರಿನ ದೊಡ್ಡ ಕನ್ನಡಿಯಲ್ಲಿ ಆತನಿಗೆ ತನ್ನ ಹಿಂದಲೆ ಕಾಣುತ್ತಿತ್ತು. ಆತ ತಲೆಯಾಡಿಸಿ "ಚಲೋ ಆಗೇತಿ, ಸಾಕ್ರಿ" ಎನ್ನುವವರೆಗೆ ನನ್ನ ಧಣಿ ಆತನ ಕೊರಳಿನ ಬಟ್ಟೆ ಬಿಚ್ಚುತ್ತಿರಲಿಲ್ಲ. ನೋಡದೇ ಏಳಹೊರಟವರನ್ನು ಹೆಗಲು ಒತ್ತಿ ಕೂರಿಸುತ್ತಿದ್ದರು! ನನಗೆ ಸಿಟ್ಟು ಬರುತ್ತಿದ್ದುದು ಒಂದೇ ಮಾತಿಗೆ. ಬೆಂಚಿನ ಮೇಲೆ ಹರಟುತ್ತ ಕುಳಿತವರಲ್ಲಿ ಯಾರಾದರೊಬ್ಬರು, "ಅಂಗೈ ಹುಣ್ಣಿಗೆ ಕನ್ನಡಿ ಯಾಕ?" ಅಂದುಬಿಡುತ್ತಿದ್ದರು. ನನ್ನ ಕುಲವೇ ದಂಡ ಎಂದಂತಾಗುತ್ತಿತ್ತು.

ಒಂದು ದಿನ ಧಣಿ ಬೈಕಿನಿಂದ ಬಿದ್ದು ಕತ್ತಿನ ಮೂಳೆ ಮುರಿದುಕೊಂಡರು. ಜೀವ ಉಳಿಯಿತು. ಆದರೆ ಕತ್ತಿನ ಕೆಳಗೆ ಮೈ ಅಲುಗಾಡಲಿಲ್ಲ, ಮುಟ್ಟಿದರೂ ತಿಳಿಯಲಿಲ್ಲ. ಅಂಗಡಿ ಬೇರೆಯವರ ಪಾಲಾಯಿತು. ಹೆಂಡತಿ ನೀಲವ್ವ ನನ್ನನ್ನು ಮಾತ್ರ ಸೆರಗಿನಲ್ಲಿ ಸುತ್ತಿ ಮನೆಗೆ ತಂದು ಮೊಳೆಗೆ ತೂಗುಹಾಕಿದರು.

ವಾರಕ್ಕೊಮ್ಮೆ ನರ್ಸ್ ಮಾರ್ಥಾ ಮನೆಗೆ ಬರುತ್ತಿದ್ದರು. ಮೂತ್ರದ ನಳಿಕೆ ನೋಡುವುದು, ಕೈಕಾಲು ಮಡಚಿ ಬಿಡಿಸುವುದು ಅವರ ಕೆಲಸ. "ಎರಡೆರಡು ತಾಸಿಗೆ ಮಗ್ಗಲಾ ಬದಲಸ್ರಿ ಅಕ್ಕಾರ, ಇಲ್ಲಾಂದ್ರ ಬೆನ್ನಿಗೆ ಹುಣ್ಣಾಗತೈತಿ" ಎಂದು ಪ್ರತಿಸಲವೂ ಹೇಳುತ್ತಿದ್ದರು. ನೀಲವ್ವ ಹೂಂಗುಟ್ಟುತ್ತಿದ್ದರು. ಆದರೆ ಗಂಡನಿಗೆ ತುಸು ಕಣ್ಣು ಹತ್ತಿದರೆ ಎಬ್ಬಿಸಲು ಅವರಿಗೆ ಮನಸ್ಸೇ ಬರುತ್ತಿರಲಿಲ್ಲ. ಎಬ್ಬಿಸಿದರೆ ಧಣಿಯೂ ರೇಗುತ್ತಿದ್ದರು.

ಒಂದು ಬೆಳಿಗ್ಗೆ ಮಾರ್ಥಾ ಧಣಿಯನ್ನು ಮಗ್ಗುಲಿಗೆ ಹೊರಳಿಸಿ ಬಾಗಿ ನೋಡಿದರು. ಸೊಂಟದ ಹಿಂದೆ ಚರ್ಮ ಒಡೆದು ಹುಣ್ಣಾಗಿತ್ತು.

"ಅಣ್ಣಾರ, ಇದು ಎಲಬಿಗೆ ಇಳದ್ರ ಮೈಯೆಲ್ಲಾ ನಂಜೇರತೈತಿ. ಜೀವಕ್ಕ ಅಪಾಯ."

"ಹುಣ್ಣಿದ್ರ ನೋಯ್ತಿರಲಿಲ್ಲೇನ್ರಿ? ಸುಮ್ನ ಹೆದರಸಬ್ಯಾಡ್ರಿ."

ಮಾರ್ಥಾ ಫೋನಿನಲ್ಲಿ ಫೋಟೋ ತೆಗೆದು ತೋರಿಸಿದರು. "ಯಾರ ಬೆನ್ನೋ ಏನೋ" ಎಂದು ಧಣಿ ಕಣ್ಣು ಮುಚ್ಚಿದರು.

ಮಾರ್ಥಾ ಅತ್ತಿತ್ತ ನೋಡಿ ನನ್ನನ್ನು ಮೊಳೆಯಿಂದ ಇಳಿಸಿದರು. ಮನೆಯ ಇನ್ನೊಂದು ಕನ್ನಡಿಯನ್ನು ಧಣಿಯ ಮುಖದೆದುರು ಹಿಡಿಯಲು ನೀಲವ್ವನಿಗೆ ಹೇಳಿ, ನನ್ನನ್ನು ಬೆನ್ನ ಹಿಂದೆ ಹಿಡಿದರು. ಹಿಡಿಯಲು ಬರಬೇಕಲ್ಲ! ಮಂಚದ ಕಾಲು ಕಂಡಿತು, ಗೋಡೆ ಕಂಡಿತು. ಧಣಿಗೆ ತಡೆಯಲಾಗಲಿಲ್ಲ.

"ಹಂಗಲ್ರಿ ಸಿಸ್ಟರ್! ಸ್ವಲ್ಪ ಎಡಕ್ಕ ವಾಲಸ್ರಿ. ಇನ್ನೊಂಚೂರು ಕೆಳಗ. ಹಾಂ..."

ಹುಣ್ಣು ಕಂಡಿತು. ಅವರ ಕಣ್ಣು ತುಂಬಿದ್ದು ನನಗೆ ಚೆನ್ನಾಗಿ ಕಂಡಿತು. ಅಂಗೈ ಹುಣ್ಣಿಗೆ ನಾನು ಬೇಡದಿರಬಹುದು. ಬೆನ್ನ ಹುಣ್ಣಿಗೆ ನಾನಲ್ಲದೆ ಇನ್ಯಾರು?

"ನೀಲಾ," ಎಂದರು ಧಣಿ, "ಇನ್ನ ಮ್ಯಾಲೆ ನಾ ಬೈದ್ರೂ ಎಬ್ಬಸು. ಬಿಡಬ್ಯಾಡ."

ನೀಲವ್ವ ಬಿಡಲಿಲ್ಲ. ಮಾರ್ಥಾ ಒಂದು ದಿನ ಬಿಟ್ಟು ಒಂದು ದಿನ ಬಂದು ಹುಣ್ಣು ತೊಳೆದು ಪಟ್ಟಿ ಕಟ್ಟಿದರು. ಮಳೆಗಾಲದಲ್ಲಿ ಕೆಂಪಗಿದ್ದ ಗಾಯ ಚಳಿಗಾಲಕ್ಕೆ ಕೂಡಿಕೊಂಡಿತು. ಆ ಕೈಗಳ ಋಣ ಧಣಿಯ ಮೇಲೆಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ. ಮೊಳೆಯಲ್ಲಿ ಧೂಳು ತಿನ್ನುತ್ತಿದ್ದವನಿಗೆ ಮತ್ತೆ ಕೆಲಸ ಕೊಟ್ಟವರು ಅವರು.

ಈಗ ನನಗೆ ವಯಸ್ಸಾಗಿದೆ. ಹಿಂಬದಿಯ ಬಣ್ಣ ಉದುರಿ ಅಂಚೆಲ್ಲ ಕಪ್ಪಾಗಿದೆ. ಹೊಸದು ತರುತ್ತೇನೆಂದು ಮಾರ್ಥಾ ಹೇಳಿದ್ದಕ್ಕೆ ಧಣಿ, "ಬ್ಯಾಡ್ರಿ, ಇದಕ್ಕ ನನ್ನ ಬೆನ್ನಿನ ಗುರ್ತ ಐತಿ" ಎಂದರು. ಹಾಗಾಗಿ ಇಂದಿಗೂ ಪ್ರತಿ ಭೇಟಿಯಲ್ಲಿ ನಾನೇ ಮೊಳೆಯಿಂದ ಇಳಿಯುತ್ತೇನೆ. ಧಣಿ ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡುತ್ತಾರೆ. ಅವರು ತಲೆಯಾಡಿಸಿ "ಚಲೋ ಆಗೇತಿ, ಸಾಕ್ರಿ" ಎನ್ನುವವರೆಗೆ ಮಾರ್ಥಾ ಬೆನ್ನಿನ ಮೇಲೆ ಬಟ್ಟೆ ಹೊದಿಸುವುದಿಲ್ಲ.