ಗುರುತು ಹಿಡಿದ ತಪ್ಪು

ಮನೆಮಠ ಸುಟ್ಟುಹೋಗಿ, ಗಡಿ ದಾಟಿ ಬಂದ ಆ ಕಲಾವಿದನಿಗೆ ಬೀದಿಯವರು ಇಟ್ಟ ಹೆಸರು ಚಿತ್ರದಣ್ಣ. ದರ್ಜಿ ಅಕ್ಕನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನ ಬಿಡಾರ. ಎರಡು ವರ್ಷದಲ್ಲಿ ಬೀದಿಯ ಅರ್ಧ ಮುಖಗಳನ್ನು ಬರೆದು ಮುಗಿಸಿದ್ದ. ಸೊಟ್ಟ ಮೂಗನ್ನು ಸೊಟ್ಟಗೇ ಬರೆಯುವ ಆಸಾಮಿ.

"ನನ್ನ ಸ್ವಲ್ಪ ತೆಳ್ಳಗೆ ಬರಿಯಪ್ಪಾ" ಎಂದಿದ್ದಳು ಅಕ್ಕ.

"ಅದಕ್ಕೆ ನೀವು ಊಟ ಬಿಡ್ಬೇಕು ಅಕ್ಕಾ. ನನ್ನ ಕುಂಚದ ಕೈಲಿ ಆಗಲ್ಲ."

ಕಳೆದ ವಾರವಷ್ಟೇ ಪಕ್ಕದ ಬೀದಿಯ ವೆಲ್ಡರ್ ತನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೂರು ದಿನ ಅವನೆದುರು ಕುಳಿತಿದ್ದ. ಹಿಂದೊಮ್ಮೆ ಕೆಲಸದಲ್ಲಿ ಕಿಡಿ ಹಾರಿ ವೆಲ್ಡರನ ಎಡಹುಬ್ಬು ನಡುವೆ ತುಂಡಾಗಿತ್ತು. ಅದನ್ನೂ ಹಾಗೇ ಬರೆದಾಗ ಹುಡುಗಿ ಚಪ್ಪಾಳೆ ತಟ್ಟಿತ್ತು.

ಗಡಿ ದಾಟಿ ಬಂದವನೊಬ್ಬ ಪೇಟೆಯಲ್ಲಿ ಯಾರಿಗೋ ಚೂರಿ ಹಾಕಿದನಂತೆ ಎಂಬ ಗಾಳಿಸುದ್ದಿ ಒಂದು ಬೆಳಗ್ಗೆ ಹಬ್ಬಿತು. ಮಟಮಟ ಮಧ್ಯಾಹ್ನ ಕೋಣೆಯ ಹಿಂಬಾಗಿಲು ಒಡೆಯಿತು. ಮುಖಕ್ಕೆ ಬಟ್ಟೆ ಸುತ್ತಿದ ನಾಲ್ವರು ಒಳನುಗ್ಗಿದರು. ಚಿತ್ರಗಳನ್ನು ಹರಿದರು, ಅವನನ್ನು ನೆಲಕ್ಕೆ ಕೆಡವಿ ಪಕ್ಕೆಗೆ ಒದ್ದರು. ಬಾಯಿತುಂಬ ರಕ್ತ. ತಲೆಯೆತ್ತಿದರೆ, ಕಬ್ಬಿಣದ ಸರಳು ಹಿಡಿದವನ ಮುಖಬಟ್ಟೆಯ ಮೇಲಂಚಿನಲ್ಲಿ ಅದೇ ತುಂಡಾದ ಹುಬ್ಬು.

"ವೆಲ್ಡರಣ್ಣ... ನೀವಾ?"

ಕರೆದರೆ ಕೈ ತಡೆದೀತು ಎಂದುಕೊಂಡಿದ್ದ. ಆಗಿದ್ದೇ ಬೇರೆ. ಉಳಿದ ಮೂವರು ಹೆದರಿ ಹಿಂದೆ ಸರಿದರು. ವೆಲ್ಡರ್ ಮಾತ್ರ ಅವನ ಬಲಗೈಯನ್ನು ಬೂಟುಗಾಲಲ್ಲಿ ಮೆಟ್ಟಿ ನಿಂತ.

"ಬಾಯಿ ಬಿಟ್ಯಲ್ಲೋ! ಇನ್ನು ಸುಮ್ನೆ ಬಿಡಕ್ಕಾಗುತ್ತಾ ನಿನ್ನ?"

ಸರಳು ಮೂರು ಸಲ ಇಳಿಯಿತು. ಬೆರಳುಗಳು ಒಣಕಡ್ಡಿಯಂತೆ ಮುರಿದವು. ನಾಲ್ಕನೆಯದು ತಲೆಗೇ ಎತ್ತಿದ್ದು. ಅಷ್ಟರಲ್ಲಿ ಅಕ್ಕ ಕೆಂಡದಂತೆ ಕಾದ ಇಸ್ತ್ರಿಪೆಟ್ಟಿಗೆ ಹಿಡಿದು ಓಡಿಬಂದಳು. ಅದನ್ನು ವೆಲ್ಡರನ ಕುತ್ತಿಗೆಗೆ ಒತ್ತಿ ಹಿಡಿದಳು. ಚುಂಯ್ ಎಂದಿತು. ವೆಲ್ಡರ್ ಅರಚಿ ನೆಲಕ್ಕುರುಳಿದ. ಬಂದ ದಾರಿಗೆ ಸುಂಕವಿಲ್ಲವೆಂದು ಉಳಿದವರು ಕಾಲಿಗೆ ಬುದ್ಧಿ ಹೇಳಿದರು.

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ ಚಿತ್ರದಣ್ಣ ಏನನ್ನೂ ಮುಚ್ಚಿಡಲಿಲ್ಲ. ವೆಲ್ಡರ್ ಜೈಲು ಸೇರಿದ. ಮುರಿದ ಬೆರಳುಗಳಲ್ಲಿ ಎರಡನ್ನು ಮತ್ತೆ ಮಡಚಲಾಗಲಿಲ್ಲ.

"ಪೀಡೆ ತೊಲಗಿತು ಬಿಡು, ಇನ್ನಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡು" ಎಂದಳು ಅಕ್ಕ.

"ನಿದ್ದೆ ಬರಲ್ಲ ಅಕ್ಕಾ. ಅವನ ಚರ್ಮ ಸುಟ್ಟ ವಾಸನೆ ಬಂತಲ್ಲ, ಆಗ ನಂಗೆ ಖುಷಿಯಾಯ್ತು. ಇನ್ನೂ ಒತ್ತಿ ಅಂತ ಕೂಗ್ಬೇಕು ಅನ್ನಿಸ್ತು. ನಮ್ಮನೆಗೆ ಬೆಂಕಿ ಇಟ್ಟೋರು ಹೀಗೇ ಕೂಗ್ತಿದ್ರು."

ಅಕ್ಕ ಬಿಸಿನೀರಿನ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. ಅವನ ಬ್ಯಾಂಡೇಜು ಬಿಚ್ಚಿ, ಕೀವು ಒರೆಸತೊಡಗಿದಳು.