ಗಾಜಿನ ಗಾದೆಪ್ಪನ ಅಂಗೈಗಳು

ಕೈಯಲ್ಲಿ ಗಾಜಿಲ್ಲದಿದ್ದಾಗಲೂ ಗಾಜು ಹಿಡಿದವನ ಹಾಗೆಯೇ ನಡೆಯುತ್ತಿದ್ದ ಮನುಷ್ಯ ಗಾದೆಪ್ಪ. ಮೊಣಕೈಗಳನ್ನು ಪಕ್ಕೆಯಿಂದ ಒಂದಿಷ್ಟು ದೂರವಿಟ್ಟು, ಅಂಗೈಗಳನ್ನು ಎದೆಯ ಮಟ್ಟದಲ್ಲಿ ಎದುರುಬದುರಾಗಿ ಹಿಡಿದು ಅವನು ಬಳ್ಳಾರಿಯ ಬ್ರೂಸ್‌ಪೇಟೆಯ ಸಂದಣಿಯಲ್ಲಿ ಬರುತ್ತಿದ್ದರೆ ಜಟಕಾದವರೂ ದಾರಿ ಬಿಡುತ್ತಿದ್ದರು. ಬಾಗಿಲು ಎಷ್ಟೇ ಅಗಲವಿರಲಿ, ಮೈಯನ್ನು ಅಡ್ಡ ಮಾಡಿಕೊಂಡೇ ಒಳಗೆ ಬರುವನು; ಕೂತಾಗಲೂ ಆ ಕೈಗಳು ತೊಡೆಯ ಮೇಲೆ ವಿಶ್ರಮಿಸದೆ, ಅದೃಶ್ಯವಾದ ಯಾವುದೋ ಹಲಗೆಯನ್ನು ಜೋಪಾನ ಮಾಡುತ್ತಿರುವಂತೆ ಗಾಳಿಯಲ್ಲೇ ನಿಂತಿರುತ್ತಿದ್ದವು. ದೇವರ ಪಟಗಳಿಗೂ ಗತಿಸಿದವರ ಭಾವಚಿತ್ರಗಳಿಗೂ ಕಟ್ಟು ಹಾಕಿ ಗಾಜು ಕೂಡಿಸುವುದು ಅವನ ಕಸುಬು. ಊರಿನವರು ಅವನನ್ನು ಗಾಜಿನ ಗಾದೆಪ್ಪ ಎಂದೇ ಕರೆಯುತ್ತಿದ್ದರು.

ಆ ಕೈಗಳಷ್ಟೇ ಪ್ರಸಿದ್ಧವಾದದ್ದು ಅವನ ಕೋಟು. ಯುದ್ಧ ಮುಗಿದ ಮೇಲೆ ದಂಡಿನ ಸಾಮಾನುಗಳು ಹರಾಜಾದಾಗ ಕೊಂಡ ಖಾಕಿ ಕೋಟದು; ಕೋಟೆಗುಡ್ಡದ ಬಂಡೆಗಳೆಲ್ಲ ಕಾದು ಊರಿಗೆ ಊರೇ ಬೆಂದುಹೋಗುವ ವೈಶಾಖದಲ್ಲೂ ಅವನು ಅದನ್ನು ಬಿಚ್ಚಿದವನಲ್ಲ. ಎಡಜೇಬಿನಲ್ಲಿ ಗಾಜು ಕೊಯ್ಯುವ ವಜ್ರದ ಕಡ್ಡಿ, ಬಲಜೇಬಿನ ತುಂಬ ಸಣ್ಣ ಮೊಳೆಗಳು. ಆ ಮೊಳೆಗಳ ಸದ್ದು ಅವನಿಗಿಂತ ಮೊದಲೇ ನಮ್ಮ ಮನೆಯ ಅಂಗಳಕ್ಕೆ ಬರುತ್ತಿತ್ತು.

ಯಾವ ಕೆಲಸ ಹೇಳಿದರೂ ಅವನ ಉತ್ತರ ಒಂದೇ: "ಅದರಾಗೇನೈತಿ?" ಆಗುವುದಿಲ್ಲ, ಗೊತ್ತಿಲ್ಲ, ತಪ್ಪಾಯಿತು ಎಂಬ ಮಾತುಗಳು ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಕ್ಷೌರದಂಗಡಿಯೊಂದಕ್ಕೆ ಅವನು ಕೂಡಿಸಿದ ಕನ್ನಡಿಯಲ್ಲಿ ಗಿರಾಕಿಗಳ ದವಡೆ ಸೊಟ್ಟಗೆ ಕಾಣುತ್ತಿದ್ದುದಕ್ಕೆ, ಅವರು ಮುಖ ನೆಟ್ಟಗಿಟ್ಟು ಕೂರುವುದಿಲ್ಲವೆಂಬುದೇ ಅವನ ಪ್ರಕಾರ ಕಾರಣ. ನಮ್ಮ ಮನೆಯ ಸರಸ್ವತಿಯ ಪಟವನ್ನು ಓರೆಯಾಗಿ ಕೂಡಿಸಿ, ವೀಣೆಯ ತುದಿಯನ್ನು ಕಟ್ಟಿನೊಳಗೆ ನುಂಗಿಸಿ ತಂದುಕೊಟ್ಟಾಗ ನಾನು ರೇಗಿದೆ. ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಸರಸ್ವತಿ ಓರೆಯಾದರೆ ಸಹಿಸುವುದು ಹೇಗೆ? ಗಾದೆಪ್ಪ ಹಿಂದಕ್ಕೆ ಸರಿದು, ಒಂದು ಕಣ್ಣು ಮುಚ್ಚಿ, ಪಟವನ್ನಲ್ಲ, ಗೋಡೆಯನ್ನು ಪರೀಕ್ಷಿಸಿದ. "ಪಟ ನೆಟ್ಟಗೈತ್ರಿ ಮೇಷ್ಟ್ರೇ. ನಿಮ್ಮ ಗ್ವಾಡಿ ಸೊಟ್ಟ ಐತಿ" ಎಂದ. ಅಂದಿನಿಂದ ನನಗೆ ಅವನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಇನ್ನೊಂದು ಪಟಕ್ಕೆ ಕಟ್ಟು ಹಾಕಿಸಬೇಕಾದಾಗ ಮತ್ತೆ ಅವನ ಹತ್ತಿರವೇ ಹೋದೆ. ಯಾಕೆ ಹೋದೆನೋ ದೇವರಿಗೇ ಗೊತ್ತು.

ನಮ್ಮ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ, ಐವತ್ತೊಂದನೆಯ ಇಸವಿ ಇರಬೇಕು. ತುಂಗಭದ್ರೆಯ ನೀರು ತರುವ ಕಾಲುವೆಗಳಿಗಾಗಿ ಹೊಲ ರಸ್ತೆ ಎನ್ನದೆ ಅಗೆದು ಎಲ್ಲೆಲ್ಲೂ ಮಣ್ಣಿನ ಗುಡ್ಡೆ ಹಾಕಿದ್ದರು. ಬಾದನಹಟ್ಟಿ, ಕುರುಗೋಡು, ಸಿರಿಗೇರಿಗಳನ್ನು ಸುತ್ತಿಕೊಂಡು ಸಿರುಗುಪ್ಪಕ್ಕೆ ಹೋಗುತ್ತಿದ್ದ ಖಾಸಗಿ ಬಸ್ಸೊಂದರ ಮುಂದಿನ ಗಾಜಿಗೆ ಆ ದಾರಿಯಲ್ಲಿ ಕಲ್ಲು ಸಿಡಿದು ಬಿತ್ತು. ಆ ಬಸ್ಸಿನ ಮುಂದಿನ ಗಾಜು ಎರಡು ತುಂಡಿನದು. ಡ್ರೈವರಿನ ಎದುರಿನದು ಉಳಿಯಿತು, ಅವನ ಪಕ್ಕದ ಸೀಟಿನ ಎದುರಿನದು ಚೂರಾಯಿತು. ಹೊಸ ಗಾಜು ಮದ್ರಾಸಿನಿಂದ ಬರಬೇಕು, ಮದುವೆಯ ದಿನಗಳು, ಮಾಲೀಕ ಮೈಲಾರಲಿಂಗಪ್ಪನಿಗೆ ಬಸ್ಸು ನಿಲ್ಲಿಸಲು ಮನಸ್ಸಿಲ್ಲ. ಅವನು ಗಾದೆಪ್ಪನನ್ನು ಕರೆಸಿ, "ಇದು ನಿನ್ನ ಕೈಲಿ ಆಗ್ತೈತೇನು?" ಎಂದು ಕೇಳಿದ. ಗಾದೆಪ್ಪ ಏನೆಂದನೆಂಬುದನ್ನು ನಾನು ಹೇಳಬೇಕಾಗಿಲ್ಲ.

ಅವನು ಪಟಕ್ಕೆ ಹಾಕುವ ಗಾಜನ್ನೇ ಕೊಯ್ದು, ಪಟಕ್ಕೆ ಕೂಡಿಸುವ ಕ್ರಮದಲ್ಲೇ ಬಸ್ಸಿಗೆ ಕೂಡಿಸಿದ. ಒಳಗಡೆಯಿಂದ ಗಾಜನ್ನು ಮರದ ಚೌಕಟ್ಟಿಗೆ ಆನಿಸಿ, ಹಿಂದೆ ತೆಳ್ಳನೆಯ ಪಟ್ಟಿ ಕೊಟ್ಟು ಸಣ್ಣ ಮೊಳೆ ಹೊಡೆದು, ಸಂದಿಗೆ ಸೀಮೆಸುಣ್ಣದ ಪುಡಿಯನ್ನು ಎಣ್ಣೆಯಲ್ಲಿ ಕಲಸಿದ ಲಪ್ಪ ಮೆತ್ತಿದ. ಗೋಡೆಯ ಮೇಲಿನ ದೇವರಿಗೆ ಅಷ್ಟು ಸಾಕು, ದೇವರು ಓಡಾಡುವುದಿಲ್ಲ. ಓಡುವ ಬಸ್ಸಿನ ಗಾಜನ್ನು ಎದುರುಗಾಳಿ ಇಡೀ ದಿನ ಒಳಕ್ಕೆ ನೂಕುತ್ತದೆ, ಆ ನೂಕನ್ನು ತಡೆಯಲು ಒಳಗಡೆ ಇರುವುದು ಈ ಗುಂಡುಸೂಜಿಯಂಥ ಮೊಳೆಗಳಷ್ಟೇ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ನೋಡುವುದಕ್ಕೆ ಮಾತ್ರ ಬಹಳ ಅಂದವಾಗಿತ್ತು. ಪಟ್ಟಿಗೆ ಕಪ್ಪು ಬಣ್ಣ ಬೇರೆ ಹಚ್ಚಿದ್ದ.

ಡ್ರೈವರ್ ಪಕ್ಕೀರಪ್ಪ ಕುರುಗೋಡಿನವನು, ಮಾತು ಕಡಿಮೆ. ಆ ಗಾಜು ಕಂಪಿಸುವ ಸದ್ದು ಅವನಿಗೆ ಸರಿಬರಲಿಲ್ಲ. ಮಾಲೀಕನ ಮಾತು ಮೀರುವಂತಿಲ್ಲ, ಹಾಗಾಗಿ ತನ್ನ ಪಕ್ಕದ ಸೀಟಿನ ಮೇಲೆ ಶೇಂಗಾದ ಮೂಟೆಯೊಂದನ್ನು ಹೇರಿ, ಅಲ್ಲಿ ಯಾರನ್ನೂ ಕೂರಗೊಡುತ್ತಿರಲಿಲ್ಲ.

ಅಂಥ ಒಂದು ಮುಂಜಾನೆ ನಾನು ಸಿರುಗುಪ್ಪದ ಅಕ್ಕನ ಮನೆಗೆಂದು ಆ ಬಸ್ಸು ಹತ್ತಿದೆ. ಗಾದೆಪ್ಪನೂ ಬಂದ. ಅವನ ಮಗಳು ಹುಲುಗಮ್ಮ ತವರಿನಲ್ಲಿ ಬಾಣಂತನ ಮುಗಿಸಿಕೊಂಡು ಸಿರಿಗೇರಿಯ ಗಂಡನ ಮನೆಗೆ ಹೊರಟಿದ್ದಳು. ಕಂಕುಳಲ್ಲಿ ಕೂಸು, ಮಡಿಲಲ್ಲಿ ಉಡಿ ತುಂಬಿದ ಅಕ್ಕಿ ಕೊಬ್ಬರಿ. ಎಳೆಗೂಸಿನ ತಾಯಿಗೆ ಮುಂದಿನ ಸೀಟು ಕೊಡುವುದು ನಮ್ಮ ಕಡೆಯ ಬಸ್ಸುಗಳ ರೂಢಿ. ಪಕ್ಕೀರಪ್ಪ ಕದಲಲಿಲ್ಲ.

"ಕೂಸು ಐತಿ ಗಾದೆಪ್ಪಣ್ಣ. ಹಿಂದ ಕುಂದ್ರಸ್ರಿ."

"ಯಾಕ?"

"ಆ ಗಾಜಿನ ಮ್ಯಾಲ ನನಗ ಧೈರ್ಯ ಇಲ್ರಿ."

ಬಸ್ಸಿನೊಳಗಿನವರೆಲ್ಲ ಇತ್ತ ತಿರುಗಿದರು. ಗಾದೆಪ್ಪನ ಮುಖ ಕಪ್ಪಿಟ್ಟಿತು. "ನಾ ಕುಂದ್ರಿಸಿದ ಗಾಜಿಗೆ ನೀ ಮೂಟಿ ಕಾವಲಿಟ್ಟಿಯೇನು?" ಎಂದವನೇ ಶೇಂಗಾದ ಮೂಟೆಯನ್ನು ತಾನೇ ಎಳೆದು ಕೆಳಕ್ಕೆ ಹಾಕಿದ. "ಕುಂದ್ರು ಹುಲುಗಿ. ನನ್ನ ಮೊಮ್ಮಗ ಇಲ್ಲೇ ಕುಂದ್ರತಾನ. ಯಾರಿಗೆ ಧೈರ್ಯ ಇಲ್ಲೋ ಅವರು ಹಿಂದ ಹೋಗ್ಲಿ." ಹುಲುಗಮ್ಮ ಅಪ್ಪನ ಮುಖ ನೋಡಿದಳು, ಡ್ರೈವರಿನ ಮುಖ ನೋಡಿದಳು, ಕೂಸನ್ನು ಅವಚಿಕೊಂಡು ಕೂತಳು. ಗಾದೆಪ್ಪ ಅವಳ ಪಕ್ಕದಲ್ಲಿ, ಬಾಗಿಲ ಕಡೆ ಕೂತ. ಅವರ ಬೆನ್ನಿಗೇ ನನ್ನ ಸೀಟು. ಒಬ್ಬ ಮುದುಕನ ಪ್ರತಿಷ್ಠೆಗೆ ಐದು ತಿಂಗಳ ಕೂಸನ್ನು ಒತ್ತೆಯಿಟ್ಟು ಹೊರಟೆವಲ್ಲ ಎಂದುಕೊಳ್ಳುತ್ತ ನಾನು ಆ ಗಾಜನ್ನೇ ನೋಡುತ್ತ ಕೂತೆ.

ಕುರುಗೋಡಿನವರೆಗೆ ಗಾಜು ಗುನುಗುಟ್ಟಿತಷ್ಟೆ. ಕುರುಗೋಡಿನ ಗುಡ್ಡ ಹಿಂದಾಗಿ ಎರೆಹೊಲಗಳ ನಡುವಿನ ರಸ್ತೆ ಹಿಡಿದ ಮೇಲೆ ಎದುರುಗಾಳಿ ಜೋರಾಯಿತು, ಗಾಜು ಒದರತೊಡಗಿತು. ಲಪ್ಪದ ಬಿಳಿಯ ಚೂರೊಂದು ಹುಲುಗಮ್ಮನ ಮಡಿಲಿಗೆ ಬಿತ್ತು. ಅವಳು ಅದನ್ನು ಕೊಬ್ಬರಿಯ ಚೂರೆಂದು ತಿಳಿದು ಸರಿಸಿದಳು. ಆಮೇಲೆ ಒಂದು ಮೊಳೆ ಬಿತ್ತು, ಕೂಸಿನ ಕುಲಾವಿಯ ಮೇಲೆ. ಗಾದೆಪ್ಪನ ಕೈ ಹಾವು ಹಿಡಿಯುವವನ ಕೈಯಂತೆ ಥಟ್ಟನೆ ಮುಂದೆ ಬಂದು, ಮೊಳೆಯನ್ನೆತ್ತಿ, ಕೋಟಿನ ಬಲಜೇಬಿಗೆ ಇಳಿಬಿಟ್ಟಿತು. ಮಗಳು ನೋಡಲಿಲ್ಲ. ನಾನು ನೋಡಿದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇನ್ನೊಂದು, ಆಮೇಲೆ ಮತ್ತೊಂದು. ಪ್ರತಿಯೊಂದನ್ನೂ ಅವನು ಅದೇ ರೀತಿ ಜೇಬಿಗೆ ಸೇರಿಸಿದ. ಜೇಬಿನಿಂದ ಹೊರಟ ಮೊಳೆಗಳು ಜೇಬಿಗೇ ಹಿಂತಿರುಗುತ್ತಿದ್ದವು.

ಹುಲುಗಿ, ಹಿಂದೆ ಹೋಗಿ ಕೂತುಕೋ ಎಂದು ಅವನು ಅಂದಿದ್ದರೆ ಸಾಕಿತ್ತು. ಅಷ್ಟೇ ಮಾತು. ಅವನ ಬಾಯಿ ಒಮ್ಮೆ ತೆರೆಯಿತು, ಮುಚ್ಚಿತು. ಆ ಮಾತಿನ ಬದಲು ಅವನ ಎರಡು ಕೈಗಳೂ ನಿಧಾನವಾಗಿ ಮೇಲೆದ್ದು, ಮಗಳ ಮುಖದ ಮುಂದೆ ಹಾದು, ಅಂಗೈ ಅಗಲಿಸಿ ಗಾಜಿಗೆ ಒತ್ತಿ ನಿಂತವು. ಮೈಯನ್ನು ಅಡ್ಡ ತಿರುಗಿಸಿ, ಕಾಲನ್ನು ಸೀಟಿನ ಹಲಗೆಗೆ ಒತ್ತಿಕೊಟ್ಟು, ಗಾಳಿ ಎಷ್ಟು ಒಳಕ್ಕೆ ನೂಕುತ್ತಿತ್ತೋ ಅಷ್ಟೇ ಅವನು ಹೊರಕ್ಕೆ ನೂಕುತ್ತಿದ್ದ. ಕೋಟಿನ ಬೆನ್ನು ಬೆವರಿನಿಂದ ತೊಯ್ದುಹೋಯಿತು.

"ಏನ್ ಮಾಡಾಕತ್ತೀ ಯಪ್ಪಾ?" ಎಂದಳು ಮಗಳು.

"ಬಿಸಲಿಗೆ ಗಾಜು ಎಷ್ಟು ಕಾದೈತಿ ಅಂತ ನೋಡಾಕತ್ತೀನಿ."

ನನಗೆ ತಡೆಯಲಾಗಲಿಲ್ಲ. "ಗಾದೆಪ್ಪಾ, ಬಸ್ಸು ನಿಲ್ಲಿಸಲು ಹೇಳು!" ಎಂದು ಕೂಗಿದೆ. ಅವನು ತಿರುಗಲಿಲ್ಲ. "ಅದರಾಗೇನೈತಿ ಮೇಷ್ಟ್ರೇ" ಎಂಬ ಮಾತು, ಕೀರಲಾಗಿ, ಯಾರದೋ ದನಿಯಲ್ಲಿ ಬಂತು. ನನ್ನ ಕೂಗಿಗೆ ಪಕ್ಕೀರಪ್ಪ ಪಕ್ಕಕ್ಕೆ ನೋಡಿದ. ಗಾಜಿನ ಮೇಲಿನ ಆ ಎರಡು ಕೈ ನೋಡಿದ. ಬ್ರೇಕಿನ ಮೇಲೆ ಎದ್ದು ನಿಂತ. ಆದರೆ ಕಾಲುವೆಗಾಗಿ ಅಗೆದು ಸಡಿಲ ಮಣ್ಣು ತುಂಬಿದ್ದ ತಗ್ಗು ಎದುರಿಗೇ ಬಂದಿತ್ತು. ಮುಂದಿನ ಚಕ್ರ ಧಡ್ಡನೆ ಇಳಿಯಿತು, ಮೇಲಿನ ಪಟ್ಟಿ ಕಿತ್ತುಬಂತು, ಗಾಜು ಇಡಿಯಾಗಿ ಒಳಕ್ಕೆ ಕುಸಿಯಿತು.

ಬೀಳುವ ಗಾಜಿನಿಂದ ಕೈ ಹಿಂದಕ್ಕೆ ಸೆಳೆದುಕೊಳ್ಳುವುದು ಮನುಷ್ಯನ ಸಹಜ ಧರ್ಮ. ಗಾದೆಪ್ಪ ಕೈ ಸೆಳೆಯಲಿಲ್ಲ. ಎದೆಯನ್ನೂ ಮೊಣಕೈಗಳನ್ನೂ ಗಾಜಿಗೆ ಕೊಟ್ಟು, ಇಡೀ ಮೈಯನ್ನೇ ಮಗಳ ಮುಂದೆ ಗೋಡೆಯಂತೆ ಒಡ್ಡಿದ. ಗಾಜು ಅವನ ಮೇಲೆಯೇ ಒಡೆಯಿತು. ಬಸ್ಸು ನಿಂತಾಗ ಕೂಸು ಚೀರಿಟ್ಟಿತು. ಆ ಚೀರು ಕೇಳಿ ನಾನು ಅತ್ತೆನೆಂದು ಹೇಳಲು ನಾಚಿಕೆಯಿಲ್ಲ. ಹುಲುಗಮ್ಮ ಕೂಸಿನ ಮುಖ, ಕಿವಿ, ಬೆರಳುಗಳನ್ನೆಲ್ಲ ತಡವಿ ನೋಡಿದಳು. ಒಂದು ಗೀರೂ ಇರಲಿಲ್ಲ.

ಗಾದೆಪ್ಪ ಹಾಗೆಯೇ ಇದ್ದ. ಎದುರಿಗೆ ಬರಿಯ ಬಯಲು. ರಕ್ತ ಸೋರುತ್ತಿದ್ದ ಅಂಗೈಗಳು ಮಾತ್ರ ಗಾಜಿದ್ದ ಜಾಗದಲ್ಲಿ ಗಾಳಿಯನ್ನು ಒತ್ತಿ ಹಿಡಿದಿದ್ದವು.

"ಯಪ್ಪಾ," ಎಂದಳು ಹುಲುಗಮ್ಮ, ಮೆಲ್ಲಗೆ, "ಗಾಜು ಇಲ್ಲ. ಕೈ ಇಳಸು."

ಅವನು ಇಳಿಸಲಿಲ್ಲ. ಅವಳೇ ಮೊಣಕೈ ಹಿಡಿದು ಒಂದೊಂದಾಗಿ ಇಳಿಸಿದಳು. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಹೇಳಿದ್ದು ಇಷ್ಟು: "ರಸ್ತಿ ಸರಿ ಇಲ್ಲ."

ಕಪಾಳಕ್ಕೆ ಬಾರಿಸಬೇಕೆನ್ನಿಸಿತು ನನಗೆ. ಪಕ್ಕೀರಪ್ಪನಿಗೂ ಅನ್ನಿಸಿರಬೇಕು. ಆದರೆ ಅವನು ತಲೆಯ ರುಮಾಲು ಬಿಚ್ಚಿ, ನಡುವೆ ಹರಿದು, ಆ ಎರಡು ಕೈಗಳಿಗೂ ಬಿಗಿಯಾಗಿ ಕಟ್ಟಿದ. ಗಾದೆಪ್ಪ ಮಗಳನ್ನು ಎಬ್ಬಿಸಿ, "ಹಿಂದ ನೆಳ್ಳು ಐತಿ, ಹೋಗು" ಎಂದು ಕಳಿಸಿ, ತಾನು ಗಾಜಿಲ್ಲದ ಆ ಸೀಟಿನಲ್ಲೇ ದೂಳನ್ನು ಮುಖಕ್ಕೆ ಹೊಡೆಸಿಕೊಳ್ಳುತ್ತ ಸಿರಿಗೇರಿಯವರೆಗೆ ಕೂತ. ಬಳ್ಳಾರಿಗೆ ಮರಳಿದ ಮೇಲೆ ಮೈಲಾರಲಿಂಗಪ್ಪ, ಗಾಜು ಹೇಗೆ ಹೋಯಿತೆಂದು ಕೇಳಿದನಂತೆ. "ರಸ್ತಿ ಸರಿ ಇದ್ದಿಲ್ರಿ" ಎಂದನಂತೆ ಪಕ್ಕೀರಪ್ಪ. ಅದನ್ನು ಕೇಳಿದ ದಿನ ಆ ಮಿತಭಾಷಿಯ ಬಗ್ಗೆ ನನಗೆ ಹುಟ್ಟಿದ ಗೌರವ ಇಂದಿಗೂ ತಗ್ಗಿಲ್ಲ.

ಆಮೇಲೆ ಯಾವ ಬಸ್ಸಿನವರು ಬಂದು ಕೇಳಿದರೂ ಗಾದೆಪ್ಪ, "ಅದು ಮದ್ರಾಸಿನಿಂದಾನ ಬರಬೇಕ್ರಿ" ಎನ್ನುತ್ತಿದ್ದ. ಅದರಾಗೇನೈತಿ ಎಂಬ ಮಾತು ಆ ಒಂದು ವಿಷಯದಲ್ಲಿ ಕಡೆಯವರೆಗೂ ಕೇಳಿಬರಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅಂಗಳದಲ್ಲಿ ಮೊಳೆಗಳ ಸದ್ದಾಯಿತು. ಕರೆಯದೆಯೇ ಬಂದ ಗಾದೆಪ್ಪ ಸರಸ್ವತಿಯ ಪಟವನ್ನಿಳಿಸಿ, ಕಟ್ಟು ಬಿಚ್ಚಿ, ಇಡೀ ಬೆಳಗು ಕೂತು ಅದನ್ನು ಹೊಸದಾಗಿ ಕೂಡಿಸಿದ. ಅಂಗೈಗಳ ಮೇಲೆ ಗಾಯದ ಗೆರೆಗಳು ಅಡ್ಡಡ್ಡ ಎದ್ದಿದ್ದವು, ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ನುಂಗಿಹೋಗಿದ್ದ ವೀಣೆಯ ತುದಿ ಹೊರಗೆ ಬಂತು. ಪಟವನ್ನು ತೂಗುಹಾಕಿ, ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, "ನಿಮ್ಮ ಗ್ವಾಡಿ ನೆಟ್ಟಗಾಗೈತಿ ನೋಡ್ರಿ ಮೇಷ್ಟ್ರೇ" ಎಂದ.

"ಆಗೈತಿ ಗಾದೆಪ್ಪ" ಎಂದೆ ನಾನು. ಲೋಕದಲ್ಲಿ 'ತಪ್ಪಾಯಿತು' ಎಂದು ಸರಾಗವಾಗಿ ಹೇಳಿ ಕೈ ತೊಳೆದುಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ, ನಾನೂ ಅವರಲ್ಲೊಬ್ಬ. ಗಾದೆಪ್ಪನಂಥವರಿಗೆ ಆ ಮಾತಿಗೆ ನಾಲಿಗೆ ಏಳುವುದಿಲ್ಲ. ಅವರೊಡನೆ ಬಾಳುವುದು ಕಷ್ಟ, ಅವರ ಹಟಕ್ಕೆ ಕೂಸುಗಳೂ ಬಲಿಯಾಗಬಹುದು. ಅದನ್ನು ನಾನು ಮರೆಯಲಾರೆ, ಮನ್ನಿಸಲೂ ಆರೆ. ಆದರೆ ತಾವು ಮಾಡಿಟ್ಟ ಕೇಡು ಮೈಮೇಲೆ ಕುಸಿದು ಬರುವ ಗಳಿಗೆಯಲ್ಲಿ ಅವರು ಕೈ ಸೆಳೆದುಕೊಳ್ಳುವುದಿಲ್ಲ, ಅಷ್ಟು ಮಾತ್ರ ನಾನು ಕಣ್ಣಾರೆ ಕಂಡವನು.